ಅಮೆರಿಕದ ಕಾಲೇಜಿನಲ್ಲಿ ಓಡುವ ಹುಡುಗಿಗೆ ಹಳೇ ಕಾರು ಕೊಳ್ಳುವುದು ಹೇಗೆ

ಉಡುಪಿಯಲ್ಲಿ ಹಳೇ ಕಾರುಗಳ ದಲ್ಲಾಳಿ ಕೆಲಸಕ್ಕೆ ಇಳಿದು ನನಗೆ 22 ವರ್ಷ ಆಯಿತು. ಎಂಜಿನ್ ಸದ್ದು ಕೇಳಿಯೇ ಗಾಡಿಯ ಜಾತಕ ಹೇಳುತ್ತೇನೆ ಅಂತ ಸ್ವಲ್ಪ ಅಹಂಕಾರವೂ ಇದೆ. ಆದರೆ ಅಕ್ಕನ ಮಗಳ ಕಾರಿನ ವಿಷಯದಲ್ಲಿ ನಾನು ಕೊಟ್ಟ ಮೂರು ಸಲಹೆಗಳೂ ತಪ್ಪು. ನಿಮ್ಮ ಮನೆಯ ಮಕ್ಕಳೂ ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಮೇಲೆ ಅಮೆರಿಕಕ್ಕೆ ಹೋಗುವವರಿದ್ದರೆ ಇದನ್ನು ಓದಿ.

ಅವಳು ಅಜ್ಜರಕಾಡು ಮೈದಾನದಲ್ಲಿ 400 ಮೀಟರ್ ಹರ್ಡಲ್ಸ್ ಓಡಿ ಬೆಳೆದವಳು. ಅಲ್ಲಿನ ಕಾಲೇಜು ಫೀಸು, ಊಟ, ರೂಮು ಎಲ್ಲ ಕೊಟ್ಟಿತು. ಬಸ್ಸು ಮಾತ್ರ ಕೊಡಲಿಲ್ಲ. ಅಕ್ಕಿ ತರಬೇಕಾದರೂ ಗಂಟೆಗೊಂದು ಬಸ್ಸಿಗೆ ಕಾಯಬೇಕು. ಒಂದು ರಾತ್ರಿ ಫೋನ್ ಬಂತು.

"ಮಾಮ, 2014ರ ಕೊರೊಲ್ಲಾ ಉಂಟು. ಮೂರು ಸಾವಿರ ಡಾಲರ್ ಅಂತೆ."

"ಮೂರಾ? ಎಲ್ಲಿಗಾದರೂ ಗುದ್ದಿದ್ದಾ?"

"ಇಲ್ಲ ಮಾಮ. ನಮ್ಮ ಬ್ರಹ್ಮಾವರದ ಕಡೆಯ ಅಂಕಲ್ ಒಬ್ಬರದ್ದು. ನಮ್ಮ ಟೀಮಿಗೆ ಪ್ರತಿ ವರ್ಷ ಡೊನೇಷನ್ ಕೊಡ್ತಾರೆ."

"ಹಾಗಾದ್ರೆ ಎಂತ ನೋಡ್ತಾ ಇದ್ದಿ ಮಾರಾಯ್ತಿ, ಅಡ್ವಾನ್ಸ್ ಕೊಡು!" ಅಂದೆ. ಇದು ಮೊದಲನೇ ತಪ್ಪು ಸಲಹೆ.

ಪುಣ್ಯಕ್ಕೆ ಹುಡುಗಿ ಜಾಣೆ, ಮೊದಲು ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ ಹೋದಳು. ನೀವೂ ಶುರುಮಾಡಬೇಕಾದದ್ದು ಅಲ್ಲಿಂದಲೇ. ಕೋಚ್ ಹತ್ತಿರ ಅಲ್ಲ, ಕಾರಿನ ಹತ್ತಿರವೂ ಅಲ್ಲ. ಆಟಗಾರರು ನಿಯಮ ಮೀರದಂತೆ ನೋಡಿಕೊಳ್ಳುವುದೇ ಈ ಆಫೀಸಿನ ಕೆಲಸ. ಎಷ್ಟೋ ಕಾಲೇಜುಗಳಲ್ಲಿ ಆಟಗಾರರು ಯಾವ ಕಾರು ಓಡಿಸುತ್ತಾರೆ, ಅದು ಯಾರ ಹೆಸರಲ್ಲಿದೆ ಅಂತ ಫಾರಂ ತುಂಬಿಸಿಯೇ ಇಟ್ಟುಕೊಳ್ಳುತ್ತಾರೆ. ಬಾಯಿಮಾತು ಬೇಡ, ಇಮೇಲ್‌ನಲ್ಲೇ ಕೇಳಿ, ಇಮೇಲ್‌ನಲ್ಲೇ ಉತ್ತರ ತರಿಸಿ.

ಎನ್‌ಸಿಎಎ ಅಂತ ಅಲ್ಲಿನ ಕಾಲೇಜು ಕ್ರೀಡೆಯ ದೊಡ್ಡ ಸಂಸ್ಥೆ ಇದೆಯಲ್ವಾ, ತಂಡಕ್ಕೆ ದುಡ್ಡು ಕೊಡುವ ಅಭಿಮಾನಿಯನ್ನು ಅದು ಬೂಸ್ಟರ್ ಅನ್ನುತ್ತದೆ. ಒಮ್ಮೆ ಬೂಸ್ಟರ್ ಆದವನು ಕೊನೆಯವರೆಗೂ ಬೂಸ್ಟರ್. ಅಂಥವರು ಆಟಗಾರರಿಗೆ ಅಗ್ಗಕ್ಕೆ ಕಾರು ಮಾರುವುದು, ಸುಮ್ನೆ ಓಡಿಸಲಿಕ್ಕೆ ಕೊಡುವುದು, ಸಾಲಕ್ಕೆ ಜಾಮೀನು ನಿಲ್ಲುವುದು, ಇದೆಲ್ಲ ಬಹಳ ಹಿಂದಿನಿಂದಲೂ ನಿಷಿದ್ಧದ ಪಟ್ಟಿಯಲ್ಲಿದೆ. ಪರೀಕ್ಷೆ ಸುಲಭ: ಅದೇ ಕಾಲೇಜಿನಲ್ಲಿ ಓದುವ, ಓಟದ ಗಂಧವೂ ಇಲ್ಲದ ಹುಡುಗಿಗೆ ಅವರು ಇದೇ ರೇಟಿಗೆ ಕೊಡುತ್ತಿದ್ದರಾ? ಕೊಡುವುದಾದರೆ ತೊಂದರೆ ಇಲ್ಲ. ನಮ್ಮ ಅಂಕಲ್ ಕೊಡುತ್ತಿರಲಿಲ್ಲ. ಹುಡುಗಿ ಪದಕ ಗೆದ್ದ ಮೇಲೆಯೇ ಅವರಿಗೆ ಅವಳ ಪರಿಚಯ ಆದದ್ದು. ತೊಟ್ಟಿಲಲ್ಲಿದ್ದಾಗಿನಿಂದ ನೋಡಿದವರಾಗಿದ್ದರೆ ಆಫೀಸಿನವರು ಬೇರೆ ರೀತಿ ಯೋಚಿಸುತ್ತಿದ್ದರೋ ಏನೋ, ಹಳೇ ಸಂಬಂಧಕ್ಕೆ ಅಲ್ಲಿ ಬೆಲೆ ಇದೆ.

ನಮಗೆ ಇದು ವಿಚಿತ್ರ ಅನಿಸುವುದು ಸಹಜ. 2020ರಲ್ಲಿ ಐಕಳ ಕಂಬಳದಲ್ಲಿ ಓಡಿದ ಶ್ರೀನಿವಾಸ ಗೌಡರಿಗೆ ಮುಖ್ಯಮಂತ್ರಿಯೇ ಕರೆದು 3 ಲಕ್ಷದ ಚೆಕ್ ಕೊಟ್ಟರು, ನಾವೆಲ್ಲ ಚಪ್ಪಾಳೆ ತಟ್ಟಿದೆವು. ಗೆದ್ದ ಮಕ್ಕಳಿಗೆ ಶಾಲು, ಹಣ್ಣಿನ ಬುಟ್ಟಿ, ಒಂದು ಕವರ್ ಕೊಡದಿದ್ದರೆ ಊರಿಗೇ ಅವಮಾನ. ಅಲ್ಲಿ ಆ ಕವರೇ ಕೇಸು.

ಎರಡನೇ ಸಲಹೆ ನನ್ನ ಕಸುಬಿನ ತಲೆಯಿಂದ ಬಂತು: "ರೂಮ್‌ಮೇಟ್ ಹೆಸರಲ್ಲಿ ತೆಗೆದುಕೊಂಡು ನೀನು ಓಡಿಸು." ಹಾಗೆ ಮಾಡಿಸಲೇಬೇಡಿ. ಆಟಗಾರರ ಮನೆಯವರಿಗೆ, ಸ್ನೇಹಿತರಿಗೆ ಕೊಟ್ಟದ್ದೂ ಆಟಗಾರರಿಗೆ ಕೊಟ್ಟ ಲೆಕ್ಕವೇ. ಬೇನಾಮಿ ನಾವು ಕಂಡುಹಿಡಿದ ವಿದ್ಯೆ ಅಂತ ನಾನು ಅಂದುಕೊಂಡಿದ್ದೆ!

"ಹಾಗಾದ್ರೆ ಯಾವುದಾದರೂ ಶೋರೂಮ್‌ನಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಸೇರಲಿ" ಅಂತ ಭಾವ ಅಂದರು. ಅದು ಇನ್ನೂ ದೊಡ್ಡ ಹೊಂಡ. 2006ರಲ್ಲಿ ಓಕ್ಲಹೋಮ ವಿಶ್ವವಿದ್ಯಾಲಯ ಇಬ್ಬರು ಫುಟ್‌ಬಾಲ್ ಆಟಗಾರರನ್ನು ತಂಡದಿಂದ ಹೊರಗೆ ಹಾಕಿತು. ಕಾರು ಮಾರುವ ಅಂಗಡಿಯಿಂದ ಅವರು ಮಾಡದ ಕೆಲಸಕ್ಕೂ ಸಂಬಳ ತೆಗೆದುಕೊಂಡಿದ್ದರು. ನಮ್ಮ ಮಕ್ಕಳಿಗಂತೂ ಎಫ್-1 ವೀಸಾ, ಅಂದರೆ ಓದಲಿಕ್ಕೆ ಕೊಡುವ ವೀಸಾ. ಅನುಮತಿ ಇಲ್ಲದೆ ಕ್ಯಾಂಪಸ್ ಹೊರಗೆ ದುಡಿದರೆ ವೀಸಾಕ್ಕೇ ಕುತ್ತು.

ಈಗ ನೀವು ಕೇಳಬಹುದು, ಅಲ್ಲಿನ ಹುಡುಗರು ಹೊಸ ಹೊಸ ಕಾರಿನ ಜೊತೆ ಫೋಟೊ ಹಾಕುತ್ತಾರಲ್ಲ ಅಂತ. ಹೌದು, 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಮುಖ ಕೊಟ್ಟು ಜಾಹೀರಾತಿನಿಂದ ಸಂಪಾದಿಸಬಹುದು. 2025ರ ಜುಲೈಯಿಂದ ಕಾಲೇಜುಗಳೇ ಒಂದು ಮಿತಿಯೊಳಗೆ ನೇರ ದುಡ್ಡು ಕೊಡಬಹುದು. ಡಿವಿಷನ್ ಒಂದರ, ಅಂದರೆ ಎನ್‌ಸಿಎಎಯ ಮೇಲಿನ ದರ್ಜೆಯ ಆಟಗಾರರು ಹೊರಗಿನವರ ಜೊತೆ 600 ಡಾಲರ್ ಅಥವಾ ಹೆಚ್ಚಿನ ಒಪ್ಪಂದ ಮಾಡಿಕೊಂಡರೆ ಎನ್‌ಐಎಲ್ ಗೋ ಎಂಬ ವ್ಯವಸ್ಥೆಗೆ ವರದಿ ಮಾಡಬೇಕು. ಆದರೆ ವಿದೇಶಿ ಮಕ್ಕಳಿಗೆ ಜಾಹೀರಾತೂ ಕೆಲಸವೇ ಆಗಿಬಿಡಬಹುದು. ಕೆಂಟಕಿಯಲ್ಲಿ ಆಡುತ್ತಿದ್ದ ಕಾಂಗೋ ದೇಶದ ಬ್ಯಾಸ್ಕೆಟ್‌ಬಾಲ್ ಆಟಗಾರ ಆಸ್ಕರ್ ಶೀಬ್ವೆ 2022ರಲ್ಲಿ ತಂಡ ಬಹಾಮಾಸ್‌ಗೆ ಹೋದಾಗ, ಅಂದರೆ ಅಮೆರಿಕದ ಹೊರಗೆ, ಇಂಥ ಕೆಲಸ ಮಾಡಿಕೊಂಡು ಬಂದ. ಅಂಥ ಸಾಹಸಕ್ಕೆ ವಕೀಲರು ಬೇಕು. ಕೊರೊಲ್ಲಾಕ್ಕೆ ಅಷ್ಟೆಲ್ಲ ಬೇಡ.

ಕಾರು ನೋಡುವ ಕ್ರಮ ಎಲ್ಲಾ ಕಡೆ ಒಂದೇ, ಅದನ್ನು ಉದ್ದ ಮಾಡುವುದಿಲ್ಲ. ಗಾಡಿಯ ಹಳೇ ಚರಿತ್ರೆ ಹೇಳುವ ಕಾರ್‌ಫ್ಯಾಕ್ಸ್ ವರದಿ ತೆಗೆಸಿ, ಪರಿಚಯ ಇಲ್ಲದ ಮೆಕ್ಯಾನಿಕ್‌ಗೆ ದುಡ್ಡು ಕೊಟ್ಟು ತೋರಿಸಿ. ದರಕ್ಕೆ ಕೆಲ್ಲಿ ಬ್ಲೂ ಬುಕ್ ನೋಡಿ. ಮಾಡೆಲ್, ಎಷ್ಟು ಮೈಲು ಓಡಿದೆ, ಕಂಡೀಷನ್ ಹೇಗಿದೆ ಅಂತ ಹಾಕಿದರೆ ಬೆಲೆ ಬರುತ್ತದೆ. ಅದನ್ನು ಕೊಳ್ಳುವ ದಿನವೇ ತೆಗೆದು, ತಾರೀಕು ಕಾಣುವ ಹಾಗೆ ಇಟ್ಟುಕೊಳ್ಳಿ. ಅಂಥದ್ದೇ ಗಾಡಿಗಳ ಬೇರೆ ಮೂರು ಜಾಹೀರಾತುಗಳನ್ನೂ ಜೊತೆಗೆ ಇಡಿ. ನಮ್ಮವಳಿಗೆ ಕೊನೆಗೆ ಸಿಕ್ಕಿದ್ದು ರಿಟೈರ್ಡ್ ಟೀಚರ್ ಒಬ್ಬರ 2013ರ ಸಿವಿಕ್. ಅವರಿಗೆ ಹರ್ಡಲ್ಸ್ ಅಂದರೆ ಏನಂತಲೇ ಗೊತ್ತಿಲ್ಲ, ಅದೇ ಅವರ ದೊಡ್ಡ ಗುಣ. 7,200 ಡಾಲರ್‌ಗೆ ಕುದುರಿತು.

ಆಗ ನಾನು ಮೂರನೇ ಸಲಹೆ ಕೊಟ್ಟೆ: "ಬಿಲ್ಲಲ್ಲಿ ನಾಲ್ಕು ಸಾವಿರ ಅಂತ ಬರೆಸು, ಟ್ಯಾಕ್ಸ್ ಉಳಿಯುತ್ತೆ." ನಮ್ಮ ಲೈನಿನಲ್ಲಿ ಕಾಗದದ ರೇಟೇ ಬೇರೆ, ಕೈಯ ರೇಟೇ ಬೇರೆ ಅನ್ನುವುದು ನಿಮಗೂ ಗೊತ್ತು. ತೆರಿಗೆ ತಪ್ಪಿಸುವುದು ತಪ್ಪು, ಅದು ಬಿಡಿ. ಏಳು ಸಾವಿರದ ಕಾರು ನಾಲ್ಕು ಸಾವಿರಕ್ಕೆ ಬಂತು ಅಂತ ಸಹಿ ಹಾಕಿದರೆ, ಪುಕ್ಕಟೆ ಲಾಭ ಪಡೆದೆ ಅಂತ ನೀವೇ ಸಾಕ್ಷಿ ಬರೆದುಕೊಟ್ಟ ಹಾಗೆ. 2011ರಲ್ಲಿ ಓಹಾಯೋ ಸ್ಟೇಟ್ ಆಟಗಾರರ ಕಾರುಗಳ ಬಗ್ಗೆ ಗುಲ್ಲೆದ್ದಾಗ ಆ ರಾಜ್ಯದ ವಾಹನ ಇಲಾಖೆ ಮಾರಾಟದ ಕಾಗದಗಳನ್ನೇ ಹರಡಿ ಲೆಕ್ಕ ನೋಡಿತು. ಕಡಿಮೆ ಬೆಲೆಗೆ ಮಾರಿದ ಪುರಾವೆ ಸಿಗಲಿಲ್ಲ.

ಹಾಗಾಗಿ ಒಂದು ಫೈಲ್ ಮಾಡಿ. ಬಿಲ್ ಆಫ್ ಸೇಲ್, ಅಂದರೆ ಮಾರಿದ ಕಾಗದ, ನಿಜವಾದ ರೇಟಿನದ್ದು. ಹೆಸರು ಬದಲಾದ ಟೈಟಲ್ (ಅಲ್ಲಿ ನಮ್ಮ ಆರ್‌ಸಿ ಬುಕ್ಕಿನ ಜಾಗದಲ್ಲಿ ಅದೇ). ಇನ್ಶೂರೆನ್ಸ್ ಕಟ್ಟಿದವರು ಯಾರು ಅನ್ನುವುದಕ್ಕೆ ರಶೀದಿ. ದುಡ್ಡು ಎಲ್ಲಿಂದ ಬಂತು ಅನ್ನುವುದು ಎಲ್ಲಕ್ಕಿಂತ ಮುಖ್ಯ. ಅಕ್ಕ ಬ್ಯಾಂಕಿನಿಂದಲೇ ಕಳಿಸಿದಳು, ಹಣ ಕಳಿಸಿದ್ದಕ್ಕೆ ಬ್ಯಾಂಕ್ ಕೊಡುವ ಸ್ವಿಫ್ಟ್ ಕಾಪಿ ಫೈಲಿನಲ್ಲಿದೆ. ಊರಿಗೆ ಬಂದವರ ಕೈಯಲ್ಲಿ ಕ್ಯಾಶ್ ಕಳಿಸಲಿಕ್ಕೆ ಹೋಗಬೇಡಿ.

ಗೊತ್ತಿಲ್ಲದೆ ಏನಾದರೂ ತೆಗೆದುಕೊಂಡಾಗಿದ್ದರೆ ಮುಚ್ಚಿಡಬೇಡಿ, ಇವತ್ತೇ ಆಫೀಸಿಗೆ ಹೇಳಿ. ಸಣ್ಣದಾದರೆ ಅಷ್ಟು ಮೊತ್ತವನ್ನು ಯಾವುದಾದರೂ ದಾನಕ್ಕೆ ಕೊಡಿಸಿ ಮತ್ತೆ ಆಡಲಿಕ್ಕೆ ಬಿಡುವ ಕ್ರಮ ಇದೆ. ದೊಡ್ಡದಾದರೆ ಕೆಲವು ಪಂದ್ಯ ಹೊರಗೆ ಕೂರಬೇಕು.

ಬ್ರಹ್ಮಾವರದ ಅಂಕಲ್‌ಗೆ ಪಾಪ, ಬೇಜಾರಾಯಿತು. "ಒಂದು ಊಟವನ್ನಾದರೂ ಹಾಕಬಹುದಾ?" ಅಂತ ಕೇಳಿದರಂತೆ. ಹುಡುಗಿ ಅದಕ್ಕೂ ಇಮೇಲ್ ಮಾಡಿದಳು. ಮನೆಯಲ್ಲಿ, ಅಪರೂಪಕ್ಕೊಮ್ಮೆ ಆದರೆ ಆಗಬಹುದು ಅಂತ ಉತ್ತರ ಬಂತು. ಆ ಭಾನುವಾರ ನೀರುದೋಸೆ, ಕೋರಿ ಸುಕ್ಕ. ಕರೆದುಕೊಂಡು ಹೋಗಲು ಬರುತ್ತೇನೆ ಅಂದರೂ ಕೇಳದೆ ಇವಳು ಸಿವಿಕ್‌ನಲ್ಲೇ ಹೋಗಿದ್ದಾಳೆ.