ಅಜ್ಜಿಯ ಟ್ರಂಕಿನಲ್ಲಿ ಇಲ್ಲದ ಕಾಗದ

ಎಂಟನೇ ತರಗತಿಯ ಆ ಹುಡುಗಿ ವಾರಕ್ಕೆರಡು ದಿನ ಶಾಲೆ ತಪ್ಪಿಸುತ್ತಿದ್ದಳು. ಕೇಳಿದರೆ ಜ್ವರ ಎನ್ನುತ್ತಿದ್ದಳು. ಒಂದು ದಿನ ಉತ್ತರ ಪತ್ರಿಕೆ ಕೊಡುವಾಗ ಅವಳ ಬೆರಳುಗಳನ್ನು ನೋಡಿದೆ. ಹುಣಸೆಹಣ್ಣು ಕುಟ್ಟಿ, ಬೀಜ ಬಿಡಿಸಿ ತುದಿಯೆಲ್ಲ ಕಪ್ಪಾಗಿತ್ತು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು, ಇದ್ದವಳು ಅಜ್ಜಿ ಒಬ್ಬಳೇ.

ಹಾಸ್ಟೆಲಿಗೆ ಸೇರಿಸಿಬಿಡಿ ಎಂದು ಸಹೋದ್ಯೋಗಿಗಳು ಹೇಳಿದರು. ನಾನೂ ಹಾಗೆಯೇ ಅಂದುಕೊಂಡು ಅಜ್ಜಿಯ ಬಳಿ ಹೋದೆ. "ಇವಳೂ ಹೋದರೆ ಒಲೆ ಹಚ್ಚುವುದು ಯಾರಿಗೆ ಮೇಷ್ಟ್ರೇ?" ಎಂದಳು. ನನ್ನ ಬಳಿ ಉತ್ತರವಿರಲಿಲ್ಲ.

ಆಮೇಲೆ ಮಕ್ಕಳ ರಕ್ಷಣೆಗೆಂದು ಸರ್ಕಾರ ನಡೆಸುವ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವ ಎಂಬ ತಿಂಗಳ ನೆರವಿನ ವಿಷಯ ವಿಚಾರಿಸಿದೆ. ಸಂಬಂಧಿಕರ ಮನೆಯಲ್ಲಿದ್ದು ಓದುವ ಅನಾಥ ಮಕ್ಕಳಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯವರಾದರೆ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ದಾಟಿರಬಾರದು. ಸರ್ಕಾರಿ ಹಾಸ್ಟೆಲ್ ಸೇರಿದರೆ ಈ ನೆರವು ನಿಲ್ಲುತ್ತದೆ. ಅಜ್ಜಿಯ ಹಟವೇ ಸರಿಯಾಗಿತ್ತು.

ನಾಡಕಚೇರಿಯ ಆದಾಯ ಪ್ರಮಾಣಪತ್ರ, ವ್ಯಾಸಂಗ ಪತ್ರ, ಆಧಾರ್, ಪಡಿತರ ಚೀಟಿ ಎಲ್ಲವೂ ಸಿಕ್ಕವು. ಅಪ್ಪನ ಮರಣ ಪ್ರಮಾಣಪತ್ರ ಟ್ರಂಕಿನಲ್ಲಿತ್ತು. ಅಮ್ಮನದಿಲ್ಲ. ಮನೆಯಲ್ಲೇ ಸತ್ತವಳು, ಮಣ್ಣು ಮಾಡಿ ಬಂದ ಮೇಲೆ ಯಾರೂ ಪಂಚಾಯಿತಿಗೆ ಹೋಗಿರಲಿಲ್ಲ. 21 ದಿನದೊಳಗೆ ಬರೆಸಬೇಕಿದ್ದ ಸಾವಿಗೆ ಎರಡು ವರ್ಷ ತುಂಬಿತ್ತು, ಒಂದು ವರ್ಷ ದಾಟಿದರೆ ದಂಡಾಧಿಕಾರಿಗಳ ಆದೇಶ ಬೇಕು. ಅದಕ್ಕೂ ಮೊದಲು, ದಾಖಲೆ ಇಲ್ಲ ಎಂಬುದಕ್ಕೇ ಒಂದು ದಾಖಲೆ! ರಜೆ ಹಾಕಿ ಅಲೆದೆ, ಐದು ತಿಂಗಳು ಹೋಯಿತು. ಪಡಿತರ ಚೀಟಿಯಿಂದ ಹೆಸರು ತೆಗೆಸಿದ್ದರೆ ಸಾಕೆಂದು ನಂಬಿದ್ದು ನನ್ನದೇ ದಡ್ಡತನ.

ಬ್ಯಾಂಕಿನಲ್ಲಿ ಇನ್ನೊಂದು ತೊಡಕು. ಅಜ್ಜಿಯ ಬೆರಳಚ್ಚು ಯಂತ್ರಕ್ಕೆ ಸಿಗಲಿಲ್ಲ, ರೇಖೆಗಳೆಲ್ಲ ಸವೆದಿದ್ದವು. ಸೆರಗಿನಿಂದ ಒರೆಸಿಕೊಂಡು ಹತ್ತೂ ಬೆರಳು ಒತ್ತಿದಳು. ಕೊನೆಗೆ ಕಣ್ಣಿನ ಗುರುತು ಹಿಡಿದು ಮೊಮ್ಮಗಳ ಜೊತೆ ಜಂಟಿ ಖಾತೆ ತೆರೆಸಿದೆವು. ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರು ಮನೆ ನೋಡಿ ವರದಿ ಬರೆದರು, ನೆರವು ಮಂಜೂರು ಮಾಡುವ ಸಮಿತಿ ಒಪ್ಪಿತು.

ಈಗ ಶಾಲೆಗೆ ಸೇರಿಸುವಾಗ ಅಪ್ಪನೋ ಅಮ್ಮನೋ ಇಲ್ಲ ಎಂದರೆ, "ಸಾವು ಬರೆಸಿದ್ದೀರಾ?" ಎಂದು ಕೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ, ಬರಲಿ.

ಮೊದಲ ಹಣ ಬಂದಾಗ ನೋಟ್‌ಪುಸ್ತಕ, ಚಪ್ಪಲಿ ಕೊಳ್ಳುತ್ತಾರೆಂದು ಕಾದೆ. ಅಜ್ಜಿ ಅಷ್ಟನ್ನೂ ಹುಣಸೆ ವ್ಯಾಪಾರಿಯ ಕೈಗಿಟ್ಟಳು. ಬೇಸರವಾಗಿ ಕೇಳಿದೆ. ಮುಂಗಡ ತೆಗೆದುಕೊಂಡಿದ್ದಳಂತೆ, ಅದು ತೀರುವವರೆಗೆ ಹುಡುಗಿಯೂ ಕುಟ್ಟಲು ಹೋಗಬೇಕಿತ್ತಂತೆ. ಮರುವಾರ ಆರು ದಿನವೂ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ಗೈರು ಬೀಳಲಿಲ್ಲ.