ಕಾರಿನ ನೆಗ್ಗು, ಗೀರು: ಮನೆಯಂಗಳದಲ್ಲೇ ರಿಪೇರಿ ಮಾಡಿಕೊಳ್ಳುವ ಬಗೆ

ಬಾಗಲಕೋಟೆ ಜಿಲ್ಲೆಯಲ್ಲಿ ಕಬ್ಬು ನುರಿಸುವ ಹಂಗಾಮು ಶುರುವಾಯಿತೆಂದರೆ ಮುಧೋಳ, ಜಮಖಂಡಿ ಕಡೆಯ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಸಾಲು ಹಗಲಿರುಳು ಸಾಗುತ್ತದೆ. ತಿರುವಿನಲ್ಲಿ ಹಿಂದಿನ ಟ್ರೇಲರು ಟ್ರ್ಯಾಕ್ಟರು ಹಿಡಿದ ದಾರಿಯನ್ನು ಬಿಟ್ಟು ಒಳಮಗ್ಗುಲಿಗೆ ಸರಿದು ಬರುತ್ತದೆ. ಎರಡು ವರ್ಷದ ಹಿಂದೆ ಆ ಒಳಮಗ್ಗುಲಲ್ಲಿ ನಿಂತಿದ್ದ ನನ್ನ ಕಾರಿನ ಮುಂದಿನ ಬಂಪರು ಹೀಗೆಯೇ ಒಳಗೆ ಹೋಯಿತು, ಎಡ ಫೆಂಡರಿನಲ್ಲಿ, ಅಂದರೆ ಮುಂದಿನ ಚಕ್ರದ ಮೇಲಿನ ತಗಡಿನಲ್ಲಿ, ಅಂಗೈಯಗಲದ ನೆಗ್ಗು ಬಿತ್ತು. ನವನಗರದ ಮನೆಯಂಗಳದಲ್ಲಿ ನಾಲ್ಕು ಭಾನುವಾರ ಕೂತು ಅದನ್ನು ನಾನೇ ಸರಿಪಡಿಸಿದೆ. ಬಣ್ಣ ಸಿಂಪಡಿಸಲು ಅಷ್ಟರಲ್ಲಿ ಹಿಡಿದ ಸಮಯ ಒಂದು ಗಂಟೆಯೂ ಇರಲಿಕ್ಕಿಲ್ಲ. ಉಳಿದದ್ದೆಲ್ಲ ನೋಡುವುದು, ಬಿಚ್ಚುವುದು, ಉಜ್ಜುವುದು, ಒಣಗಲು ಬಿಡುವುದರಲ್ಲೇ ಹೋಯಿತು. ಈ ಲೆಕ್ಕವನ್ನು ಮೊದಲೇ ಒಪ್ಪಿಕೊಂಡವರಿಗೆ ಮಾತ್ರ ಈ ಕೆಲಸ ಕೈಗೂಡುತ್ತದೆ.

ಅಪಘಾತದ ಸ್ಥಳದಲ್ಲಿ ಯಾರಿಗಾದರೂ ಪೆಟ್ಟಾಗಿದ್ದರೆ ಕಾರಿನ ಮಾತು ಆಮೇಲೆ. 108ಕ್ಕೆ ಕರೆ ಮಾಡಬೇಕು. ಗಾಯಾಳುವಿಗೆ ಚಿಕಿತ್ಸೆ ದೊರಕಿಸುವುದೂ ಪೊಲೀಸರಿಗೆ ತಿಳಿಸುವುದೂ 1988ರ ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನಂತೆ ಚಾಲಕನ ಕರ್ತವ್ಯ. ಯಾರಿಗೂ ಏನೂ ಆಗಿಲ್ಲವೆಂದು ಖಾತ್ರಿಯಾದ ಮೇಲೆ ಎರಡೂ ವಾಹನಗಳ ನಂಬರ್ ಪ್ಲೇಟ್ ಕಾಣುವಂತೆ, ರಸ್ತೆಯ ತಿರುವೂ ಸೇರುವಂತೆ ಫೋಟೊ ತೆಗೆದಿಟ್ಟುಕೊಳ್ಳಿ.

ಪಾನಾ ಕೈಗೆತ್ತಿಕೊಳ್ಳುವ ಮುನ್ನ ವಿಮೆಯ ಲೆಕ್ಕ ಹಾಕಲೇಬೇಕು, ಏಕೆಂದರೆ ಒಮ್ಮೆ ಬಿಚ್ಚಿ ಉಜ್ಜಿದ ಮೇಲೆ ಹಾನಿ ಅಂದಾಜಿಸುವ ವಿಮೆಯ ಸರ್ವೇಯರಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ (ನಮ್ಮದೇ ಕಾರಿನ ಹಾನಿಗೆಂದು ಕಟ್ಟುವ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಮೊದಲ ವರ್ಷ ಶೇ. 20ರಿಂದ ಆರಂಭವಾಗಿ 25, 35, 45 ಎಂದು ಏರುತ್ತಾ ಐದನೆಯ ವರ್ಷಕ್ಕೆ ಶೇ. 50 ಆಗುತ್ತದೆ, ಒಂದು ಕ್ಲೇಮ್ ಮಾಡಿದರೆ, ಬೋನಸ್ ಉಳಿಸುವ ಹೆಚ್ಚುವರಿ ರಕ್ಷಣೆ ಕೊಂಡಿರದಿದ್ದಲ್ಲಿ, ಮುಂದಿನ ನವೀಕರಣದಲ್ಲಿ ಅದು ಸೊನ್ನೆಗೆ ಬರುತ್ತದೆ. ಸ್ವಂತ ಹಾನಿಯ ಪ್ರೀಮಿಯಂ 8,000 ರೂಪಾಯಿ, ಬೋನಸ್ ಶೇ. 45 ಎಂದಿಟ್ಟುಕೊಂಡರೆ ಕಳೆದುಕೊಳ್ಳುವುದು 3,600 ರೂಪಾಯಿ. 1500 ಸಿಸಿವರೆಗಿನ ಕಾರಿಗೆ ನಾವೇ ಭರಿಸಬೇಕಾದ ಕಡ್ಡಾಯ ಮೊತ್ತ 1,000 ರೂಪಾಯಿ ಇರುವುದರಿಂದ, 4,000 ರೂಪಾಯಿಯ ರಿಪೇರಿಗೆ ಕ್ಲೇಮ್ ಮಾಡುವುದು ನಷ್ಟದ ಬಾಬತ್ತು. ಗ್ಯಾರೇಜಿನ ಅಂದಾಜು ಇಪ್ಪತ್ತು, ಮೂವತ್ತು ಸಾವಿರಕ್ಕೆ ಹೋದರೆ ನಿಸ್ಸಂಕೋಚವಾಗಿ ಕ್ಲೇಮ್ ಮಾಡಿ.

ಮನೆಯಲ್ಲಿ ಮುಟ್ಟಬಾರದ ಕೆಲಸಗಳೂ ಇವೆ. ಏರ್‌ಬ್ಯಾಗಿನ ದೀಪ ಉರಿಯುತ್ತಿದ್ದರೆ, ಸ್ಟೀರಿಂಗ್ ಒಂದು ಮಗ್ಗುಲಿಗೆ ಎಳೆಯುತ್ತಿದ್ದರೆ, ಬಾನೆಟ್ಟಿಗೂ ಫೆಂಡರಿಗೂ ನಡುವಿನ ಸಂದು ಒಂದು ಕಡೆ ಅಗಲವಾಗಿ ಇನ್ನೊಂದು ಕಡೆ ಕಿರಿದಾಗಿದ್ದರೆ, ಟೈರಿನ ಪಕ್ಕದಲ್ಲಿ ಉಬ್ಬು ಕಂಡರೆ ಗ್ಯಾರೇಜಿಗೇ ಒಯ್ಯಬೇಕು. ಕಾರಿನ ಕೆಳಗೆ ತೊಟ್ಟಿಕ್ಕುವ ನೀರಿಗೆ ಬಣ್ಣವಿಲ್ಲದಿದ್ದರೆ ಅದು ಎಸಿಯ ನೀರಿರಬಹುದು; ಹಸಿರು ಅಥವಾ ಗುಲಾಬಿ ಬಣ್ಣವಿದ್ದು ಜಿಡ್ಡಾಗಿದ್ದರೆ ಕೂಲಂಟ್, ಅಂದರೆ ರೇಡಿಯೇಟರಿಗೆ ಪೆಟ್ಟು ಬಿದ್ದಿದೆ. ಅಂಥ ಕಾರನ್ನು ಎಳೆಸಿಕೊಂಡೇ ಹೋಗಬೇಕು.

ಬಂಪರು ಸಾಮಾನ್ಯವಾಗಿ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನದು. ಬಿಸಿಗೆ ಮೆದುವಾಗಿ ತನ್ನ ಮೊದಲಿನ ಆಕಾರಕ್ಕೆ ಮರಳುವ ಗುಣ ಅದಕ್ಕಿದೆ. ಸೀಳದೆ ಬರೀ ಒಳಗೆ ಹೋಗಿದ್ದರೆ ಕುದಿಯುವ ನೀರನ್ನು ನೆಗ್ಗಿನ ಅಂಚಿನಿಂದ ನಡುವಿನ ಕಡೆಗೆ ನಿಧಾನವಾಗಿ ಸುರಿದು, ದಪ್ಪ ಕೈಗವಸು ತೊಟ್ಟು ಹಿಂದಿನಿಂದ ಅಂಗೈಯಿಂದ ಒತ್ತಬೇಕು. ನನ್ನ ಬಂಪರು ಎರಡನೆಯ ಪಾತ್ರೆಯ ನೀರಿಗೆ ‘ಟಕ್’ ಎಂದು ಹೊರಬಂತು. ಹೊರಬಂದೊಡನೆ ತಣ್ಣೀರು ಹಾಕಿದರೆ ಆಕಾರ ನಿಲ್ಲುತ್ತದೆ.

ಹಿಂದಿನಿಂದ ಕೈ ಹೋಗದಿದ್ದರೆ ಬಂಪರು ಬಿಚ್ಚಬೇಕಾಗುತ್ತದೆ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಆರಂಭಿಸಿ. ಏರ್‌ಬ್ಯಾಗಿಗೆ ಸೇರಿದ ಹಳದಿ ಕನೆಕ್ಟರುಗಳ ತಂಟೆಗೆ ಹೋಗಬೇಡಿ. ಬಾನೆಟ್ಟಿನ ಅಂಚಿನಲ್ಲಿ, ಕೆಳಭಾಗದಲ್ಲಿ, ಎರಡೂ ಚಕ್ರಗಳ ಕಮಾನಿನ ಒಳಗೆ ಸ್ಕ್ರೂ ಮತ್ತು ಪ್ಲಾಸ್ಟಿಕ್ ಕ್ಲಿಪ್ಪುಗಳಿರುತ್ತವೆ. ಕ್ಲಿಪ್ಪಿನ ನಡುವಿನ ಗುಂಡಿಯನ್ನು ಮೊದಲು ಸಡಿಲಿಸದೆ ಮೀಟಿದರೆ ಅದು ಮುರಿಯುತ್ತದೆ. ಎಲ್ಲಿಂದ ಯಾವುದನ್ನು ತೆಗೆದಿರೋ ಅದೇ ಕ್ರಮದಲ್ಲಿ ಸ್ಟೀಲ್ ತಟ್ಟೆಯಲ್ಲಿ ಜೋಡಿಸಿಡಿ. ಎಳೆಯುವ ಮುನ್ನ ಫಾಗ್ ಲ್ಯಾಂಪಿನ ತಂತಿಯ ಕನೆಕ್ಟರ್ ಬಿಡಿಸುವುದನ್ನು ಮರೆಯಬಾರದು. ಬಂಪರು ಕಳಚಿದ ಮೇಲೆ ಅದರ ಹಿಂದಿನ ಅಡ್ಡ ಕಬ್ಬಿಣದ ಪಟ್ಟಿ ನೆಟ್ಟಗಿದೆಯೇ ಎಂದು ನೋಡಿ. ಬಾಗಿದ್ದರೆ ಇಡೀ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಬಲ್ಲವರಿಗೆ ಒಪ್ಪಿಸಬೇಕು.

ಗೀರಿನ ಆಳ ತಿಳಿಯಲು ಉಗುರು ಸಾಕು. ತೊಳೆದು ಒಣಗಿಸಿದ ಗೀರಿನ ಮೇಲೆ ಅಡ್ಡಲಾಗಿ ಉಗುರು ಎಳೆದಾಗ ಅದು ಸಿಕ್ಕಿಕೊಳ್ಳದಿದ್ದರೆ, ನೀರು ಚಿಮುಕಿಸಿದಾಗ ಗೀರು ಮಾಯವಾಗುವಂತಿದ್ದರೆ, ಪೆಟ್ಟು ಬಣ್ಣದ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟಿನಲ್ಲಷ್ಟೇ ಇದೆ. ರಬ್ಬಿಂಗ್ ಕಾಂಪೌಂಡನ್ನು ಮೆತ್ತನೆಯ ಬಟ್ಟೆಗೆ ಹಚ್ಚಿ ತಿಕ್ಕಿದರೆ ಹೋಗುತ್ತದೆ. ಆ ಪದರ ಕೂದಲೆಳೆಗಿಂತ ತೆಳುವಾದುದರಿಂದ ಜೋರು ಮಾಡಬಾರದು. ಉಗುರು ಸಿಕ್ಕಿಕೊಂಡರೆ ಬಣ್ಣ ಹೋಗಿದೆಯೆಂದು ಅರ್ಥ. ಕಬ್ಬಿಣ ಹೊಳೆಯುತ್ತಿದ್ದರೆ ಬೇರೆಲ್ಲ ಬಿಟ್ಟು ಅಂದೇ ಪ್ರೈಮರ್ (ಬಣ್ಣಕ್ಕೂ ಮೊದಲಿನ ತಳಪದರ) ಹಚ್ಚಿಬಿಡಿ. ತುಕ್ಕು ಒಮ್ಮೆ ಬಣ್ಣದಡಿ ಹರಿದರೆ ಮುಂದೆ ಮಾಡಿದ ಕೆಲಸವೆಲ್ಲ ಸಿಪ್ಪೆಯಂತೆ ಎದ್ದುಬರುತ್ತದೆ.

ಫೆಂಡರಿನ ನೆಗ್ಗನ್ನು ಹಿಂದಿನಿಂದ ಮರದ ತುಂಡಿಟ್ಟು, ರಬ್ಬರ್ ಸುತ್ತಿಗೆಯಿಂದ ಅಂಚಿನಿಂದ ಒಳಕ್ಕೆ ಸಣ್ಣ ಸಣ್ಣ ಪೆಟ್ಟು ಕೊಟ್ಟು ಎಬ್ಬಿಸಬೇಕು. ನಡುವಿಗೇ ಬಲವಾಗಿ ಹೊಡೆದರೆ ತಗಡು ಹಿಗ್ಗಿ, ಒತ್ತಿದ ಕಡೆಯೆಲ್ಲ ಡಬಡಬ ಎನ್ನತೊಡಗುತ್ತದೆ. ಮೇಲ್ಮೈಯ ಮಟ್ಟಕ್ಕಿಂತ ಕೂದಲಷ್ಟು ಕೆಳಗೇ ನಿಲ್ಲಿಸಿ. ಉಳಿದದ್ದನ್ನು ಪುಟ್ಟಿ ತುಂಬುತ್ತದೆ. ಬಣ್ಣವನ್ನು 80 ನಂಬರಿನ ಪಾಲಿಶ್ ಪೇಪರಿನಿಂದ ತಗಡು ಕಾಣುವವರೆಗೆ ಉಜ್ಜಿ, ಪುಟ್ಟಿಗೆ ತೂಕದಲ್ಲಿ ಸುಮಾರು ಶೇ. 2ರಷ್ಟು ಹಾರ್ಡನರ್ (ಗಟ್ಟಿಯಾಗಿಸುವ ರಾಸಾಯನಿಕ) ಬೆರೆಸಿ, ಒಂದೇ ಬಣ್ಣವಾಗುವಂತೆ ಕಲಸಬೇಕು. ನಮ್ಮ ಬೇಸಿಗೆಯಲ್ಲಿ ಅದು ಮೂರು ನಾಲ್ಕು ನಿಮಿಷದಲ್ಲಿ ಗಟ್ಟಿಯಾಗುತ್ತದೆ, ಹಾಗಾಗಿ ನಿಂಬೆಹಣ್ಣಿನ ಗಾತ್ರಕ್ಕಿಂತ ಹೆಚ್ಚು ಕಲಸಬೇಡಿ. ದಪ್ಪ ಎರಡು ಮೂರು ಮಿಲಿಮೀಟರ್ ಮೀರಬಾರದು. ಮೀರಿದರೆ ಮುಂದೊಂದು ದಿನ ಬಿರುಕು ಬಿಡುತ್ತದೆ.

ಒಣಗಿದ ಪುಟ್ಟಿಯನ್ನು 120, 180, 320 ನಂಬರಿನ ಪೇಪರುಗಳಿಂದ, ಪೇಪರನ್ನು ಚಪ್ಪಟೆ ಮರದ ತುಂಡಿಗೆ ಸುತ್ತಿ, ಒಣದಾಗಿಯೇ ಉಜ್ಜಬೇಕು. ಪುಟ್ಟಿ ನೀರು ಹೀರುತ್ತದೆ. ಹೀರಿದ ನೀರು ಬಣ್ಣದಡಿ ಗುಳ್ಳೆಯಾಗುತ್ತದೆ. ಸಮವಾಗಿದೆಯೇ ಎಂಬುದನ್ನು ಕಣ್ಣಿಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ. ತೆಳುವಾದ ಹತ್ತಿ ಬಟ್ಟೆಯನ್ನು ನಡುವೆ ಇಟ್ಟು, ಕಣ್ಣು ಮುಚ್ಚಿ, ಪುಟ್ಟಿಯ ಆಚೆಯ ಹಳೆ ಬಣ್ಣದಿಂದ ಈಚೆಯ ಹಳೆ ಬಣ್ಣದವರೆಗೆ ಕೈ ಎಳೆಯಿರಿ. ನನಗೆ ಮೂರನೆಯ ಭಾನುವಾರವೂ ಒಂದು ಕಡೆ ಕೈ ಏರಿ ಇಳಿಯಿತು. ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಅದನ್ನು ಹಾಗೆಯೇ ಬಿಟ್ಟಿದ್ದರೆ ಹೊಳಪು ಬಂದ ಮೇಲೆ ದೂರದಿಂದಲೇ ಎದ್ದು ಕಾಣುತ್ತಿತ್ತು. ಆಮೇಲೆ ಪ್ರೈಮರ್ ಹೊಡೆದು, ಒಣಗಿಸಿ, 600 ನಂಬರಿನಿಂದ ನೀರು ಹಾಕಿ ತಿಕ್ಕಬೇಕು. ಬೋರ್‌ವೆಲ್ಲಿನ ಗಡಸು ನೀರು ಒಣಗಿದಾಗ ಬಿಳಿ ಕಲೆ ಉಳಿಸುವುದರಿಂದ ಕೊನೆಯ ತೊಳೆತಕ್ಕೆ ಫಿಲ್ಟರ್ ನೀರು ಬಳಸುವುದು ಒಳ್ಳೆಯದು. ಬಂಪರಿನಲ್ಲಿ ಪ್ಲಾಸ್ಟಿಕ್ ಕಾಣುತ್ತಿದ್ದರೆ ಪ್ಲಾಸ್ಟಿಕ್ಕಿಗೆಂದೇ ಇರುವ ಪ್ರೈಮರ್ ಮೊದಲು ಬೇಕು, ಇಲ್ಲವಾದರೆ ಬಣ್ಣ ಹಿಡಿಯುವುದಿಲ್ಲ.

ಬಣ್ಣದ ಕೋಡ್ ಚಾಲಕನ ಬಾಗಿಲ ಕಂಬದಲ್ಲೋ ಬಾನೆಟ್ಟಿನ ಒಳಗೋ ಇರುವ ಚೀಟಿಯ ಮೇಲಿರುತ್ತದೆ. ಬಣ್ಣದಂಗಡಿಯಲ್ಲಿ ಅದನ್ನು ತೋರಿಸಿ ಬಣ್ಣ ಬೆರೆಸಿಸಿಕೊಳ್ಳಬೇಕು. ಬಿಸಿಲಿಗೆ ಮಾಸಿದ ಹಳೆ ಬಣ್ಣಕ್ಕೂ ಹೊಸದಕ್ಕೂ ತುಸು ವ್ಯತ್ಯಾಸ ಬರಬಹುದಾದ್ದರಿಂದ ಮೊದಲು ರಟ್ಟಿನ ಮೇಲೆ ಹೊಡೆದು ಹೋಲಿಸಿ. ಸಾದಾ ಬಿಳಿ ಬಣ್ಣ ಹೊಂದಿಸುವುದು ಸುಲಭ. ಬೆಳ್ಳಿ ಮತ್ತು ಮುತ್ತಿನ ಬಣ್ಣಗಳು ಕಷ್ಟ, ಹೊಸಬರು ಅವುಗಳ ಅಂತಿಮ ಪದರವನ್ನು ಪೇಂಟರಿಗೆ ಬಿಡುವುದೇ ಲೇಸು. ಏಪ್ರಿಲ್, ಮೇ ತಿಂಗಳಿನಲ್ಲಿ ತಗಡು ಮಧ್ಯಾಹ್ನ ಕೈಯಿಡಲಾಗದಷ್ಟು ಕಾಯುತ್ತದೆ, ಬಣ್ಣ ಹರಡುವ ಮೊದಲೇ ಒಣಗಿ ತರಿತರಿಯಾಗುತ್ತದೆ. ಬೆಳಗಿನ ಎಂಟು ಗಂಟೆಯೊಳಗೆ, ಗಾಳಿಯಿಲ್ಲದಾಗ, ಧೂಳು ಏಳದಂತೆ ಅಂಗಳಕ್ಕೆ ನೀರು ಹೊಡೆದು ಮಾಡಬೇಕು. ಅಕ್ಕಪಕ್ಕವನ್ನು ಪೇಪರು, ಟೇಪಿನಿಂದ ಮುಚ್ಚಿ, ಬಣ್ಣದ ಸ್ಪ್ರೇ ಡಬ್ಬಿಯನ್ನು 20ರಿಂದ 25 ಸೆಂಟಿಮೀಟರ್ ದೂರ ಹಿಡಿದು, ಕೈ ನಿಲ್ಲಿಸದೆ, ತೆಳುವಾಗಿ ಮೂರು ನಾಲ್ಕು ಸಲ, ಪ್ರತಿ ಸಲದ ನಡುವೆ ಹತ್ತು ಹದಿನೈದು ನಿಮಿಷ ಬಿಟ್ಟು ಹೊಡೆಯಿರಿ. ಕ್ಲಿಯರ್ ಕೋಟಿಗೂ ಇದೇ ಕ್ರಮ. ಹಾರ್ಡನರ್ ಬೆರೆಸುವ ಕ್ಲಿಯರ್ ಕೋಟಿನಲ್ಲಿ ಐಸೊಸಯನೇಟ್ ಇರುತ್ತದೆ, ಅದು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಬಟ್ಟೆಯ ಮಾಸ್ಕು ಅದನ್ನು ತಡೆಯುವುದಿಲ್ಲ. ಮನೆಯಲ್ಲಿ ಅದನ್ನು ಬಳಸಲೇಬೇಡಿ.

ಎರಡು ದಿನ ಕಾರನ್ನು ತೊಳೆಯದೆ ಬಿಡಿ, ವ್ಯಾಕ್ಸನ್ನು ಒಂದು ತಿಂಗಳ ಮೇಲೆ ಹಚ್ಚಿ. ಬಂಪರು ಮರುಜೋಡಿಸಿದ ದಿನ ಸಂಜೆ ಸಮತಟ್ಟಾದ ಜಾಗದಲ್ಲಿ ಗೋಡೆಗೆ 25 ಅಡಿ ದೂರ ಕಾರು ನಿಲ್ಲಿಸಿ ಹೆಡ್‌ಲೈಟ್ ಹಾಕಿ ನೋಡಿ. ಪೆಟ್ಟು ಬಿದ್ದ ಕಡೆಯ ಬೆಳಕು ಇನ್ನೊಂದಕ್ಕಿಂತ ಮೇಲಿದ್ದರೆ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ದೀಪದ ಹಿಂದಿನ ಸ್ಕ್ರೂ ತಿರುಗಿಸಿ ಎರಡನ್ನೂ ಒಂದೇ ಎತ್ತರಕ್ಕೆ ತಂದ ಮೇಲೆಯೇ ಕಾರನ್ನು ರಾತ್ರಿ ರಸ್ತೆಗಿಳಿಸಿ.