ಎಂಟಿಂಚಿಗೆ ಸಿಕ್ಕ ಆಫ್ಟರ್‌ಗ್ಲೋ: ನನ್ನ ಅನುಭವ

"ಹೊಸಕೋಟೆಯಲ್ಲಿ ಕೂತು ಲಡಾಖಿನ ಹಾನ್ಲೆಯ 2 ಮೀಟರ್ ಟೆಲಿಸ್ಕೋಪ್ ನಡೆಸ್ತಾರೆ, ನಿನ್ನ ಎಂಟಿಂಚು ಏನು ಮಾಡೀತು?" ಎಂದವರಿಗೆ ತೋರಿಸಲು ಈಗ ಲಾಗ್-ಲಾಗ್ ಗ್ರಾಫಿನಲ್ಲಿ ನೆಟ್ಟಗೆ ಇಳಿಯುವ ಐದಾರು ಚುಕ್ಕೆಗಳಿವೆ. ದೂರದ ಗಾಮಾ ಕಿರಣ ಸ್ಫೋಟದ (ಜಿಆರ್‌ಬಿ) ನಂತರ ಉಳಿದು ಬೇಗ ಮಸುಕಾಗುವ ಬೆಳಕು, ಅಂದರೆ ಆಫ್ಟರ್‌ಗ್ಲೋ, ಹೊತ್ತಿನೊಂದಿಗೆ ಇಳಿದ ಅಳತೆಗಳು ಅವು. ಇಳಿಜಾರು ಸುಮಾರು 1. ಜಿಆರ್‌ಬಿ 990123 ಅನ್ನು 9ನೇ ಕಾಂತಿಮಾನದಲ್ಲಿ (ಮ್ಯಾಗ್ನಿಟ್ಯೂಡ್; ಅಂಕಿ ಹೆಚ್ಚಿದಷ್ಟೂ ಮಸುಕು) ಹಿಡಿದ ಸ್ವಯಂಚಾಲಿತ ಉಪಕರಣ ರಾಟ್ಸಿ-1ರಲ್ಲಿ ಇದ್ದದ್ದೂ 200 ಎಂಎಂ ಫೋಕಲ್ ಲೆಂತ್‌ನ ನಾಲ್ಕು ಕ್ಯಾಮೆರಾ ಲೆನ್ಸ್ ಅಷ್ಟೇ. ಇಳಿಜಾರು 1 ಅಂದರೆ ಹೊತ್ತು ಹತ್ತು ಪಟ್ಟಾದಾಗ 2.5 ಮ್ಯಾಗ್ನಿಟ್ಯೂಡ್ ಮಸುಕು. ಹತ್ತನೇ ನಿಮಿಷಕ್ಕೆ 17 ಇದ್ದದ್ದು ನೂರನೇ ನಿಮಿಷಕ್ಕೆ 19.5, ಮರುದಿನಕ್ಕೆ 22ರ ಆಚೆ. ಬೇಗ ತಿರುಗಿದವನಿಗೇ ಫಲ.

ಟೆಲಿಸ್ಕೋಪ್ 200/800 (ಕನ್ನಡಿ 200 ಎಂಎಂ, ಫೋಕಲ್ ಲೆಂತ್ 800 ಎಂಎಂ) ನ್ಯೂಟೋನಿಯನ್, ಅಂಚಿನ ನಕ್ಷತ್ರಗಳಿಗೆ ಬಾಲ ಬಾರದಂತೆ ಕೋಮಾ ಕರೆಕ್ಟರ್, ಐಎಂಎಕ್ಸ್571 ಸೆನ್ಸರಿನ ಮೋನೋ (ಕಪ್ಪು-ಬಿಳುಪು) ಕ್ಯಾಮೆರಾ. ಕ್ಯಾಮೆರಾಗೇ ಸುಂಕ ಸೇರಿ ಒಂದೂವರೆ ಲಕ್ಷದ ಹತ್ತಿರ ಹೋಯಿತು. ಸೆಕೆಂಡ್ ಹ್ಯಾಂಡ್ ಮೌಂಟಿಗೆ ಒಂದು ಲಕ್ಷದ ಮೇಲೆ ಚಿಲ್ಲರೆ. ಫೀಲ್ಡ್ 1.7ಕ್ಕೆ 1.1 ಡಿಗ್ರಿ ಬರುವುದರಿಂದ ಸ್ಫೋಟ ಪತ್ತೆಹಚ್ಚುವ ಸ್ವಿಫ್ಟ್ ಉಪಗ್ರಹದ ಬ್ಯಾಟ್ ಉಪಕರಣ ಕೊಡುವ 3 ಆರ್ಕ್ ನಿಮಿಷದ (ಡಿಗ್ರಿಯ 60ನೇ ಒಂದು ಭಾಗ ಒಂದು ಆರ್ಕ್ ನಿಮಿಷ) ದೋಷ ವೃತ್ತವಿರಲಿ, ಎಸ್‌ವಿಒಎಂ ಉಪಗ್ರಹ ಕೊಡುವ ಹತ್ತು ಹನ್ನೆರಡು ಆರ್ಕ್ ನಿಮಿಷದ್ದೂ ಒಂದೇ ಫ್ರೇಮಿನಲ್ಲಿ ಕೂರುತ್ತದೆ. ಫರ್ಮಿ ಉಪಗ್ರಹದ ಜಿಬಿಎಂ ಮಾತ್ರ ಕಂಡ ಸ್ಫೋಟಗಳ ನೋಟಿಸ್ ಹಿಂದೆ ಟೈಲ್ ಹಾಕಿ (ಆಕಾಶವನ್ನು ತುಂಡು ತುಂಡಾಗಿ ಹಿಡಿದು) ಸುತ್ತಿದ್ದು ದಂಡ. ದೋಷವೇ ಹಲವು ಡಿಗ್ರಿ ಇರುತ್ತದೆ. ಈಗ ಸ್ಕ್ರಿಪ್ಟ್ ಅವನ್ನು ನೋಡುವುದೇ ಇಲ್ಲ.

ರಾತ್ರಿಯಿಡೀ ಟೆಲಿಸ್ಕೋಪ್ ಯಾವುದಾದರೂ ವೇರಿಯಬಲ್ ನಕ್ಷತ್ರದ ಮೇಲೆ ಕೆಲಸ ಮಾಡುತ್ತಲೇ ಇರುತ್ತದೆ. ಕ್ಯಾಮೆರಾ -10 ಡಿಗ್ರಿಯಲ್ಲಿ, ಫೋಕಸ್ ಕೂತು, ಮೌಂಟ್ ಅಲೈನ್ ಆಗಿ. ಸ್ಫೋಟದ ಸುದ್ದಿಯನ್ನು ತಕ್ಷಣ ಹಂಚುವ ನಾಸಾದ ಜಿಸಿಎನ್ ಕಾಫ್ಕಾದಿಂದ ನೋಟಿಸ್ ಬಂದರೆ ಆ ಕೆಲಸ ನಿಲ್ಲಿಸಿ ತಿರುಗುತ್ತದೆ. ಎತ್ತರ 25 ಡಿಗ್ರಿಗಿಂತ ಕಡಿಮೆಯಿದ್ದರೆ ಬೇಡ. ಮೆರಿಡಿಯನ್ ಫ್ಲಿಪ್ (ನೆತ್ತಿಯ ಉತ್ತರ-ದಕ್ಷಿಣ ರೇಖೆ ದಾಟುವಾಗ ಮೌಂಟ್ ಮಗುಚಿಕೊಳ್ಳುವುದು) ಹತ್ತಿರವಿದ್ದಾಗ ಯಾವ ಕಡೆಯಿಂದ ಹೋಗಬೇಕೆಂದು ತೀರ್ಮಾನಿಸುವ ನಾಲ್ಕು ಸಾಲು ಕೋಡ್ ನನ್ನ ಹತ್ತಿರವೇ ಇರಲಿ, ಅದಕ್ಕೆ ನಿದ್ದೆಗೆಟ್ಟಿದ್ದೇನೆ.

ಫಿಲ್ಟರ್ ಇಲ್ಲದೆ 30 ಸೆಕೆಂಡಿನ ಫ್ರೇಮ್‌ಗಳು, ಪ್ರತಿಯೊಂದಕ್ಕೂ ಏಳೆಂಟು ಪಿಕ್ಸೆಲ್ ಡಿದರ್, ಅಂದರೆ ಟೆಲಿಸ್ಕೋಪನ್ನು ಅಷ್ಟು ಸರಿಸುವುದು. ಡಿದರ್ ತಪ್ಪಿಸಿದರೆ ಹಾಟ್ ಪಿಕ್ಸೆಲ್‌ಗಳು (ಬೆಳಕಿಲ್ಲದೆಯೂ ಹೊಳೆಯುವಂಥವು) ಸ್ಟ್ಯಾಕಿನಲ್ಲಿ (ಹಲವು ಫ್ರೇಮ್ ಸೇರಿಸಿದ ಚಿತ್ರದಲ್ಲಿ) ಸಾಲುಗಟ್ಟಿ, ಸ್ವಿಫ್ಟ್‌ನ ಎಕ್ಸ್-ಕಿರಣ ಟೆಲಿಸ್ಕೋಪ್ ಎಕ್ಸ್‌ಆರ್‌ಟಿ ಕೊಟ್ಟ ವೃತ್ತದೊಳಗೇ ಒಂದು 'ಹೊಸ ನಕ್ಷತ್ರ' ಹುಟ್ಟಿಸುತ್ತವೆ. ಶುರುವಿಗೆ 5 ಸೆಕೆಂಡಿನ ಫ್ರೇಮ್ ಹಿಡಿದು ನೋಡಿದ್ದೂ ಉಂಟು. ಡಿಸ್ಕ್ ತುಂಬಿತು, ರೀಡ್ ನಾಯ್ಸ್ (ಪ್ರತಿ ಫ್ರೇಮ್ ಓದುವಾಗ ಸೇರುವ ಗೊಂದಲ) ಏರಿತು, ಆಳ ಬರಲಿಲ್ಲ. ಆರ್ (ಕೆಂಪು) ಮತ್ತು ಐ (ಅವಕೆಂಪಿನ ಅಂಚು) ಫಿಲ್ಟರ್ ಬದಲಾಯಿಸುತ್ತಾ ಹೋದರೆ ಎರಡರಲ್ಲೂ ಅರ್ಧ ಬೆಳಕು. ಸುಮಾರು ಇಪ್ಪತ್ತು ಸಾವಿರದ ಆ ಫಿಲ್ಟರ್‌ಗಳು ಈಗ ಡಬ್ಬಿಯಲ್ಲಿವೆ. ಕಾಣುವ ಮಿತಿ ಒಂದು ಫ್ರೇಮಿಗೆ 17, ಅರ್ಧ ಗಂಟೆಯ ಸ್ಟ್ಯಾಕಿಗೆ 19.5ರ ಆಸುಪಾಸು. ಹುಣ್ಣಿಮೆಯಾದರೆ ಒಂದು ಮ್ಯಾಗ್ನಿಟ್ಯೂಡ್ ಕಳೆಯಿರಿ.

ಸ್ಟ್ಯಾಕ್‌ಗಳನ್ನು 5, 10, 20, 40 ನಿಮಿಷ ಹೀಗೆ ದುಪ್ಪಟ್ಟು ಮಾಡುತ್ತಾ ಹೋಗಬೇಕು. ಇಲ್ಲಿ ಹೊತ್ತಿನ ಲೆಕ್ಕದಲ್ಲಿ ಎಡವುವವರೇ ಹೆಚ್ಚು. ಹತ್ತರಿಂದ ನಲವತ್ತನೇ ನಿಮಿಷದ ಸ್ಟ್ಯಾಕಿಗೆ ನಡುವಿನ ಹೊತ್ತು 25 ಎಂದು ಹಾಕಿದರೆ ತಪ್ಪು. ಬೆಳಕು ಮೊದಲ ನಿಮಿಷಗಳಲ್ಲೇ ಹೆಚ್ಚು ಬಂದಿರುತ್ತದೆ. ಅಂತರ 30ನ್ನು ಅನುಪಾತ 4ರ ನ್ಯಾಚುರಲ್ ಲಾಗ್‌ನಿಂದ ಭಾಗಿಸಿದರೆ 21.6. ವ್ಯತ್ಯಾಸ 0.16 ಮ್ಯಾಗ್ನಿಟ್ಯೂಡ್, ಇಳಿಜಾರನ್ನು ಕೆಡಿಸಲು ಅಷ್ಟು ಸಾಕು. ಪಿಸಿ ಗಡಿಯಾರ ಎನ್‌ಟಿಪಿಗೆ (ಇಂಟರ್ನೆಟ್ ಸಮಯಕ್ಕೆ) ಕಟ್ಟಿರಲಿ, ಫೈಲಿನಲ್ಲಿ ಯುಟಿ (ವಿಶ್ವ ಕಾಲಮಾನ) ಮಾತ್ರ.

ಅಳೆಯುವಾಗ ಚುಕ್ಕೆ ಹುಡುಕುತ್ತಾ ಕೂರುವುದಿಲ್ಲ. ಎಕ್ಸ್‌ಆರ್‌ಟಿ ಕೊಟ್ಟ ಕೆಲವೇ ಆರ್ಕ್ ಸೆಕೆಂಡಿನ ಜಾಗದಲ್ಲಿ ನೇರ ಅಪರ್ಚರ್ (ಬೆಳಕು ಅಳೆಯುವ ಸಣ್ಣ ವೃತ್ತ) ಇಟ್ಟು ಅಳತೆ. ಹೋಲಿಕೆ ನಕ್ಷತ್ರಗಳು ಪ್ಯಾನ್‌ಸ್ಟಾರ್ಸ್ ಆಕಾಶ ಸಮೀಕ್ಷೆಯ ಪಟ್ಟಿಯವು, ಜಿ-ಆರ್ ಬಣ್ಣ (ಹಸಿರು, ಕೆಂಪು ಬ್ಯಾಂಡುಗಳ ಮ್ಯಾಗ್ನಿಟ್ಯೂಡ್ ವ್ಯತ್ಯಾಸ) 0.4ರಿಂದ 0.7. ನೀಲಿ ನಕ್ಷತ್ರ ಸೇರಿಸಿದರೆ ಫಿಲ್ಟರ್ ಇಲ್ಲದ ಅಳತೆ ಜಾರುತ್ತದೆ. ಮ್ಯಾಗ್ನಿಟ್ಯೂಡ್ ಅಳತೆಪಟ್ಟಿ ಎಬಿಯೋ ವೇಗಾವೋ ಬರೆಯದೆ ಕಳಿಸಿದ ವರದಿಗೆ ಬೆಲೆಯಿಲ್ಲ, ಆರ್ ಬ್ಯಾಂಡಿನಲ್ಲೇ 0.2 ವ್ಯತ್ಯಾಸ.

ಕ್ಯಾಮೆರಾದ ಸಿಎಮ್‌ಒಎಸ್ ಸೆನ್ಸರಿನ ಕೆಂಪು ಸಂವೇದನೆ ಎಲ್ಲಿ ಕೈಹಿಡಿಯುತ್ತದೆ ಅನ್ನುವುದಕ್ಕೆ ಜಿಆರ್‌ಬಿ 221009ಎ ನೋಡಿ. ಆಕಾಶಗಂಗೆಯ ಧೂಳು ವಿ (ಹಸಿರು-ಹಳದಿ) ಬ್ಯಾಂಡಿನಲ್ಲೇ 4 ಮ್ಯಾಗ್ನಿಟ್ಯೂಡ್ ನುಂಗಿತ್ತು, ಮೇಲೆ ಹುಣ್ಣಿಮೆ. ಸ್ವಿಫ್ಟ್ ಟ್ರಿಗರ್ ಬಂದದ್ದು ನಮ್ಮ ರಾತ್ರಿ 7:40ಕ್ಕೆ, ಆಗ ಅದು ಇಲ್ಲಿ ಚೆನ್ನಾಗಿ ಮೇಲಿತ್ತು. ಆದರೆ ಯಾವುದೇ ಸ್ಫೋಟದ ಕೆಂಪುಸರಿತ (ರೆಡ್‌ಶಿಫ್ಟ್; ದೂರ ಹೆಚ್ಚಿದಷ್ಟೂ ಬೆಳಕು ಕೆಂಪಿನತ್ತ ಸರಿಯುವುದು) 5 ಮೀರಿದ್ದರೆ ಎಂಟಿಂಚಿನಲ್ಲಿ ಸಾಮಾನ್ಯವಾಗಿ ಏನೂ ಕಾಣದು. ಆಗ ಮಿತಿ ಬರೆದು ಕಳಿಸಿ, ಅದೂ ಉಪಯೋಗಕ್ಕೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡ. ಆ ತಿಂಗಳುಗಳಲ್ಲಿ ಕನ್ನಡಿ ತೊಳೆದು, ಯುಎಸ್‌ಬಿ ಕೇಬಲ್ ಬದಲಾಯಿಸಿಬಿಡಿ. ನಡುರಾತ್ರಿ ಕೈಕೊಡುವುದು ಹೆಚ್ಚಾಗಿ ಮುನ್ನೂರು ರೂಪಾಯಿಯ ಆ ಕೇಬಲ್ಲೇ.